ತಿರುಗಿ ಹೊಡಿ ಎನ್ನಲೇ, ಸುಮ್ಮನಿರು ಎನ್ನಲೇ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮಗನಿಗೆ ಹದಿಮೂರು ವರ್ಷ. ಏಳನೆಯವರೆಗೆ ಮನೆ ಹತ್ತಿರದ ಕನ್ನಡ ಮಾಧ್ಯಮದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಓದಿದ. ಈ ಜೂನ್‌ನಲ್ಲಿ ಎಂಟನೆಗೆ ದೂರದ ದೊಡ್ಡ ಶಾಲೆಗೆ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು. ಬಸ್ಸಿನಲ್ಲಿ ಹೋಗಿ ಬರಬೇಕು. ಅಲ್ಲಿ ಮಲಯಾಳ ಮಾತಾಡುವ ಮಕ್ಕಳೇ ಹೆಚ್ಚು, ಇವನ ಮಲಯಾಳ ಅಷ್ಟಕ್ಕಷ್ಟೆ. ನಾಲ್ಕೈದು ಹುಡುಗರು ಇವನು ಬಾಯಿ ತೆರೆದರೆ ಅಣಕಿಸುತ್ತಾರಂತೆ, ಬಸ್ಸಿನಲ್ಲಿ ಬ್ಯಾಗ್ ಕಿತ್ತು ಹಿಂದಿನ ಸೀಟಿಗೆ ದಾಟಿಸುತ್ತಾರಂತೆ. ಯಕ್ಷಗಾನದ ವೇಷ ಹಾಕಿದ ಅವನ ಫೋಟೊ ತೆಗೆದುಕೊಂಡು ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಸ್ಟಿಕ್ಕರ್ ಮಾಡಿ ಹಾಕಿದ್ದಾರೆ. ಇದೆಲ್ಲ ನೆರೆಮನೆಯ ಹುಡುಗಿ ಹೇಳಿ ಗೊತ್ತಾದದ್ದು. ಮಗನನ್ನು ಕೇಳಿದರೆ “ನೀವು ಶಾಲೆಗೆ ಬಂದು ಹೇಳಿದರೆ ನಾನು ಮತ್ತೆ ಹೋಗುವುದೇ ಇಲ್ಲ” ಎನ್ನುತ್ತಾನೆ. ಸೋಮವಾರ ಬಂದರೆ ಹೊಟ್ಟೆನೋವು. ಯಕ್ಷಗಾನ ಕ್ಲಾಸಿಗೂ ಹೋಗುತ್ತಿಲ್ಲ. ಅವನ ಅಪ್ಪ “ಒಂದು ಸಲ ತಿರುಗಿ ಬಾರಿಸು, ಸರಿಯಾಗ್ತದೆ” ಅನ್ನುತ್ತಾರೆ. ನಮ್ಮ ಅತ್ತೆ “ಮಕ್ಕಳಾಟಿಕೆ, ಗಮನ ಕೊಡಬೇಡ” ಅನ್ನುತ್ತಾರೆ. ನಾನೇನು ಮಾಡಲಿ? ಶಾಲೆ ಬದಲಿಸುವುದೇ ಒಳ್ಳೆಯದೇ?

ಉತ್ತರ: ಮೊದಲು ಮನೆಯೊಳಗಿನ ಎರಡು ಸಲಹೆಗಳ ವಿಚಾರ ಮುಗಿಸೋಣ. ಎರಡೂ ಪ್ರೀತಿಯಿಂದ ಬಂದವು, ಎರಡೂ ನಿಮ್ಮ ಮಗನಿಗೆ ಕೆಲಸಕ್ಕೆ ಬರುವುದಿಲ್ಲ.

ಇಬ್ಬರು ಸರಿಸಮಾನರು ಜಗಳವಾಡಿದರೆ ಅದು ಮಕ್ಕಳ ಜಗಳ. ಇವತ್ತು ಮಾತು ಬಿಟ್ಟು ನಾಳೆ ಒಟ್ಟಿಗೆ ಕ್ರಿಕೆಟ್ ಆಡುತ್ತಾರೆ. ನೀವು ಬರೆದದ್ದು ಅದಲ್ಲ. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಕಾಡುವ ಈ ಉಪದ್ರದ (ಬುಲ್ಲಿಯಿಂಗ್) ಅಧ್ಯಯನಕ್ಕೆ 1970ರ ದಶಕದಲ್ಲಿ ಅಡಿಪಾಯ ಹಾಕಿದ, ನಾರ್ವೆಯಲ್ಲಿ ಕೆಲಸ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೆಯುಸ್ ಮೂರು ಗುರುತು ಹೇಳಿದ್ದರು: ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಮತ್ತು ಪೆಟ್ಟು ತಿನ್ನುವವನಿಗೆ ಸುಲಭದಲ್ಲಿ ಎದುರಿಸಲಾಗದಷ್ಟು ಬಲದ ಅಂತರ ಇರುವುದು. ಬಲ ಎಂದರೆ ತೋಳಬಲವೇ ಆಗಬೇಕೆಂದಿಲ್ಲ. ಐದು ಜನ ಒಂದು ಕಡೆ, ಒಬ್ಬ ಒಂದು ಕಡೆ. ಅವರಿಗೆ ಸಲೀಸಾದ ಭಾಷೆ, ಇವನಿಗೆ ಹುಡುಕಿ ಹುಡುಕಿ ಆಡಬೇಕಾದ ಮಾತು. ಅವರು ಐದನೆಯಿಂದ ಅದೇ ಶಾಲೆಯಲ್ಲಿದ್ದವರು, ಇವನು ಜೂನ್‌ನಲ್ಲಿ ಬಂದವನು. ಇಷ್ಟು ಅಂತರ ಇರುವಲ್ಲಿ “ತಿರುಗಿ ಬಾರಿಸು” ಅಂದರೆ ಐವರ ಎದುರು ಒಬ್ಬನನ್ನು ಕಳಿಸಿದ ಹಾಗೆ. ಇನ್ನೊಂದು ತೊಡಕೂ ಇದೆ. ಮಾಷ್ಟ್ರ ಕಣ್ಣಿಗೆ ಸಾಧಾರಣವಾಗಿ ಬೀಳುವುದು ಮೊದಲನೆಯ ಪೆಟ್ಟಲ್ಲ, ಎರಡನೆಯದು. ಆಗ ಎಚ್.ಎಂ. (ಮುಖ್ಯೋಪಾಧ್ಯಾಯರ) ಕೋಣೆಯ ಹೊರಗೆ ನಿಲ್ಲುವವನು ನಿಮ್ಮ ಮಗ.

“ಗಮನ ಕೊಡಬೇಡ” ಎಂಬುದು ಒಂದು ಸಲದ ತಮಾಷೆಗೆ ಆದೀತು. ದಿನಾ ನಡೆಯುವುದಕ್ಕೆ, ಅದೂ ನೋಡಿ ನಗುವವರು ಇರುವಾಗ, ಆಗದು. ಮಗು ಅಳದಿದ್ದರೆ ಅಳುವವರೆಗೆ ನೋಡೋಣ ಎಂಬ ಹಟ ಅವರಲ್ಲಿ ಹುಟ್ಟುವುದುಂಟು. ಜೊತೆಗೆ ಮಗು ಇದರಿಂದ ಕಲಿಯುವುದು ಒಂದೇ: ಮನೆಯಲ್ಲಿ ಹೇಳಿ ಪ್ರಯೋಜನ ಇಲ್ಲ.

ಹಾಗಾದರೆ ಏನು? ಹೆತ್ತವರು ನನ್ನ ಹತ್ತಿರ ಹೆಚ್ಚಾಗಿ ಕೇಳುವುದು “ಇವನಿಗೆ ಸ್ವಲ್ಪ ಧೈರ್ಯ ಹೇಳಿ” ಎಂದು. ನನ್ನ ಅಭಿಪ್ರಾಯ ಬೇರೆ. ಕೊರತೆ ಇರುವುದು ಧೈರ್ಯದ್ದಲ್ಲ, ಪಕ್ಕದಲ್ಲಿ ನಿಲ್ಲುವ ಜನರದ್ದು. ದಿನಾ ಅದೇ ಬಸ್ ಹತ್ತುವ ಹುಡುಗನಲ್ಲಿ ಧೈರ್ಯ ಬೇಕಾದಷ್ಟಿದೆ. ನಿಮ್ಮ ಕೆಲಸ ಅವನ ಬದಿಗೆ ಜನ ಸೇರಿಸುವುದು. ಅದು ಅವನಿಗೆ ಗೊತ್ತಿದ್ದು, ಅವನ ಒಪ್ಪಿಗೆಯಲ್ಲಿ ನಡೆಯಬೇಕು.

ಆದ್ದರಿಂದ ಮೊದಲು ಮಗನ ಜೊತೆ ಮಾತು. ಎದುರು ಕೂರಿಸಿ “ಹೇಳು, ಯಾರು, ಏನು, ಯಾವಾಗ” ಎಂದು ಕೇಳಿದರೆ ಹದಿಮೂರರ ಹುಡುಗ ಬಾಯಿ ಬಿಡುವುದಿಲ್ಲ. ಕೈಗೆ ಕೆಲಸ ಇದ್ದು ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದಾಗ ಮಾತು ತಾನಾಗಿ ಬರುತ್ತದೆ. ಅಡಿಕೆ ಸುಲಿಯುವ ಮನೆಯಾದರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಪಕ್ಕದಲ್ಲಿ ಕುಳಿತು ನೀವೇ ಶುರು ಮಾಡಿ: “ಬಸ್ಸಿನಲ್ಲಿ ಬ್ಯಾಗ್ ಎಳೀತಾರೆ ಅಂತ ಗೊತ್ತಾಯ್ತು. ನಿನ್ನ ತಪ್ಪಲ್ಲ ಅದು. ನಿನ್ನನ್ನು ಕೇಳದೆ ನಾನು ಯಾರ ಹತ್ತಿರವೂ ಹೋಗುವುದಿಲ್ಲ. ಆದರೆ ಏನೂ ಮಾಡದೆ ಕೂರುವುದೂ ಇಲ್ಲ. ಏನು ಮಾಡುವುದೂಂತ ಇಬ್ಬರೂ ಸೇರಿ ನೋಡುವಾ.” ಇಷ್ಟು ಹೇಳಿ ಸುಮ್ಮನಿರಿ. ಅವನು ಆ ದಿನ ಏನೂ ಹೇಳದಿರಬಹುದು. ಮರುದಿನವೋ ಅದರ ಮರುದಿನವೋ ಒಂದು ತುಂಡು ಹೇಳುತ್ತಾನೆ. ಆಗ “ನೀನ್ಯಾಕೆ ಸುಮ್ಮನಿದ್ದಿ?” ಎಂದು ಮಾತ್ರ ಕೇಳಬೇಡಿ. “ಆಗ ಹತ್ತಿರ ಯಾರೆಲ್ಲ ಇದ್ರು?” ಎಂದು ಕೇಳಿ. ಈ ಪ್ರಶ್ನೆ ಯಾಕೆಂದು ಮುಂದೆ ಹೇಳುತ್ತೇನೆ.

ನೆರೆಮನೆಯ ಹುಡುಗಿಯ ಹೆಸರು ಮಾತ್ರ ಎತ್ತಬೇಡಿ. ಆ ಮಗು ಮುಂದೆಯೂ ನಿಮಗೆ ಬೇಕು.

ಹೊಟ್ಟೆನೋವಿನ ಬಗ್ಗೆ. ಅದು ನಾಟಕ ಅಲ್ಲ. ಕಳವಳಕ್ಕೆ ಕರುಳು ಹಿಡಿದುಕೊಳ್ಳುತ್ತದೆ, ನೋವು ನಿಜವಾಗಿಯೇ ಇರುತ್ತದೆ. ಶಾಲೆಯ ದಿನ ಬೆಳಿಗ್ಗೆ ಹೊಕ್ಕುಳ ಸುತ್ತ ಬಂದು, ಬಸ್ಸಿನ ಹೊತ್ತು ಕಳೆದ ಮೇಲೆ ಇಳಿದು, ಓಣಂ ರಜೆಯಲ್ಲಿ ಸುಳಿವೇ ಇಲ್ಲದಿದ್ದರೆ ಕಾರಣ ಬಹುತೇಕ ಶಾಲೆಯ ದಾರಿಯಲ್ಲಿದೆ. ಹಾಗಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ಜ್ವರ ಇದ್ದರೆ ಅದನ್ನು ಮನಸ್ಸಿನ ಮೇಲೆ ಹೊರಿಸಬೇಡಿ, ಬೇಗ ಪರೀಕ್ಷೆಯಾಗಬೇಕು.

ಇನ್ನೊಂದು ನೋಡಿ. ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟ್ಲಿ ಸಂಜೆ ಹಾಗೆಯೇ ವಾಪಸ್ ಬರುತ್ತದೆಯೇ? ಮನೆಗೆ ಬಂದವನು ಬ್ಯಾಗ್ ಬಿಸಾಡಿ ನೇರ ಟಾಯ್ಲೆಟಿಗೆ ಓಡುತ್ತಾನೆಯೇ? ದೊಡ್ಡವರ ಕಣ್ಣು ಬೀಳದ ಜಾಗ ಎಂದರೆ ಶಾಲೆಯ ಮೂತ್ರಾಲಯ. ಅಲ್ಲಿಗೆ ಹೋಗುವ ಪ್ರಸಂಗವೇ ಬರಬಾರದೆಂದು ದಿನವಿಡೀ ನೀರು ಕುಡಿಯದ ಮಕ್ಕಳಿದ್ದಾರೆ. ತಲೆನೋವಿಗೆ ಕನ್ನಡಕ ಬದಲಿಸುವ ಮೊದಲು ಬಾಟ್ಲಿ ನೋಡಿ ಎಂದು ಹೆತ್ತವರಿಗೆ ನಾನು ಯಾವಾಗಲೂ ಹೇಳುವುದು. ಉಪದ್ರ ಬಸ್ಸಿನಲ್ಲಿ ಮಾತ್ರವೋ, ಶಾಲೆಯೊಳಗೂ ಇದೆಯೋ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಜನ ಸೇರಿಸುವ ವಿಷಯ. ಕೆನಡಾದಲ್ಲಿ ಶಾಲೆಯ ಆಟದ ಬಯಲಿನಲ್ಲಿ ಮಕ್ಕಳಿಗೆ ಮೈಕ್ ಸಿಕ್ಕಿಸಿ, ದೂರದಿಂದ ವಿಡಿಯೊ ತೆಗೆದು ಸಂಶೋಧಕರು ಇಂಥ ಉಪದ್ರವನ್ನು ಗಮನಿಸಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ನೋಡುತ್ತ ನಿಂತ ಮಕ್ಕಳಲ್ಲಿ ಒಬ್ಬರು ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಉಪದ್ರ ನಿಂತಿತ್ತು. ಫಿನ್‌ಲ್ಯಾಂಡಿನ ಟುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು ಶಾಲೆಗಳಿಗಾಗಿ ರೂಪಿಸಿದ ಕಾರ್ಯಕ್ರಮ ನಿಂತಿರುವುದೂ ಇದೇ ತಳಹದಿಯ ಮೇಲೆ: ಕಾಡುವವನನ್ನು ತಿದ್ದುವುದಕ್ಕಿಂತ ನೋಡಿ ನಗುವವರನ್ನು ನಗದಂತೆ ಮಾಡುವುದು ಸುಲಭ. ಆಟ ನಡೆಯುವುದು ಸಭೆ ಇರುವವರೆಗೆ ಮಾತ್ರವಷ್ಟೆ.

“ಹತ್ತಿರ ಯಾರೆಲ್ಲ ಇದ್ರು?” ಎಂದು ಕೇಳಲು ಹೇಳಿದ್ದು ಇದಕ್ಕೇ. ಬಸ್ಸಿನಲ್ಲಿ ನಗದೆ ಕೂತ ಒಬ್ಬನಾದರೂ ಇದ್ದೇ ಇರುತ್ತಾನೆ. ನಿಮ್ಮ ಕಡೆಯಿಂದ ಪ್ಲಸ್ ಟುಗೆ ಹೋಗುವ ಅಕ್ಕನೋ ಅಣ್ಣನೋ ಸಿಗಬಹುದು. ಅವರು ಜಗಳಕ್ಕೆ ನಿಲ್ಲಬೇಕಾಗಿಲ್ಲ. “ಇಲ್ಲಿ ಬಾ, ಸೀಟಿದೆ” ಎಂದು ಪಕ್ಕಕ್ಕೆ ಕರೆದರೆ ಸಾಕು. ಕನ್ಸೆಶನ್ (ರಿಯಾಯಿತಿ ಟಿಕೆಟಿನ) ಮಕ್ಕಳನ್ನು ಕಂಡರೆ ಮುಖ ಸಿಂಡರಿಸುವ ಕಂಡಕ್ಟರುಗಳೂ ನಮ್ಮ ಬಸ್ಸುಗಳಲ್ಲಿದ್ದಾರೆ, ಅದು ಬೇರೆ ಕಥೆ. ಆದರೂ ದಿನಾ ಒಂದೇ ಬಸ್ಸಾದರೆ ಕಂಡಕ್ಟರಿಗೆ ಒಂದು ಮಾತು ಹೇಳಿ ಎದುರಿನ ಬಾಗಿಲ ಹತ್ತಿರ ನಿಲ್ಲಿಸಿಕೊಳ್ಳಲು ಕೇಳಬಹುದು. ಬ್ಯಾಗ್ ಬೆನ್ನಿನ ಮೇಲಲ್ಲ, ಎದೆಯ ಮೇಲೆ. ಸಣ್ಣ ಉಪಾಯ, ಆದರೆ ಮರುದಿನವೇ ಫಲ ಕೊಡುವಂಥದ್ದು.

ಮಗನಿಗೆ ಎರಡು ಮಾತು ಬಾಯಿಪಾಠ ಮಾಡಿಸಿ, ಮಲಯಾಳದಲ್ಲೇ. “ಮದಿ. ಎಂಡೆ ಬ್ಯಾಗ್ ತಾ.” ಸಾಕು, ನನ್ನ ಬ್ಯಾಗ್ ಕೊಡು. ಅಷ್ಟೆ. ಬೈಗುಳ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಹೇಳಿ, ಉತ್ತರಕ್ಕೆ ಕಾಯದೆ ಜನ ಇರುವ ಕಡೆಗೆ ಹೋಗುವುದು. ಜಗಲಿಯಲ್ಲಿ ಅಪ್ಪ ಕಾಡುವ ಹುಡುಗನಾಗಿ, ಮಗ ಮಗನಾಗಿ ಹತ್ತು ಸಲ ಆಡಲಿ. ಸ್ವರ ನಡುಗದೆ ಬರುವವರೆಗೆ ಆಡಲಿ. ಮಗನಿಗಾಗಿ ಏನಾದರೂ ಮಾಡಬೇಕೆಂಬ ಅಪ್ಪನ ಆತುರಕ್ಕೂ ಇದು ಒಳ್ಳೆಯ ಕೆಲಸ.

ಮಲಯಾಳದ ವಿಷಯದಲ್ಲಿ ಒಂದು ಎಚ್ಚರ. 2017ರ ಕಾನೂನಿನ ಬಳಿಕ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದ ಮೇಲೆ ನಮ್ಮಲ್ಲಿ ಎದ್ದ ಚರ್ಚೆ ನಿಮಗೆ ಗೊತ್ತಿದ್ದದ್ದೇ. ಇಲ್ಲಿನ ಕನ್ನಡಿಗರ ಭಾಷೆಯ ಹಕ್ಕಿನ ಪ್ರಶ್ನೆ ಸಣ್ಣದಲ್ಲ. ಆದರೆ ಅದನ್ನು ಈ ಹುಡುಗನ ತಲೆ ಮೇಲೆ ಇಡಬೇಡಿ. ದೊಡ್ಡವರ ಕೈಗೆ ಸಿಕ್ಕಿದರೆ ಇದು ಎರಡು ದಿನದಲ್ಲಿ ಕನ್ನಡ–ಮಲಯಾಳದ ಜಗಳವಾಗಿ, ಹೇಳಿಕೆ, ಮನವಿ ಎಲ್ಲ ಹೊರಟು, ಕೊನೆಗೆ ತರಗತಿಯಲ್ಲಿ ಅವನು ಇನ್ನಷ್ಟು ಒಂಟಿಯಾಗುತ್ತಾನೆ. ನಾಳೆ ಅವನ ಪಕ್ಕ ಕೂರಬೇಕಾದ ಗೆಳೆಯ ಮಲಯಾಳ ಮಾತಾಡುವವನೇ ಆಗಿರುವ ಸಂಭವ ಹೆಚ್ಚು. ಇದು ಒಂದೇ ದಿಕ್ಕಿನಲ್ಲಿ ಹರಿಯುವ ನೀರೂ ಅಲ್ಲ. ಕನ್ನಡದವರೇ ಹೆಚ್ಚಿರುವ ಶಾಲೆಗಳಲ್ಲಿ ಬ್ಯಾರಿ ಮಾತಾಡುವ, ಮರಾಟಿ ಮನೆಯ ಮಕ್ಕಳ ಉಚ್ಚಾರಕ್ಕೆ ನಗುವುದಿಲ್ಲವೇ? ಕೊರಗ ಸಮುದಾಯದ ಮಕ್ಕಳಿಗೆ ಜಾತಿ ಹಿಡಿದು ಆಡುವ ಮಾತು, ಎಣ್ಮಕಜೆಯಂಥ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಮನೆಗಳ ಮಕ್ಕಳ ನಡಿಗೆಯನ್ನು ಅಣಕಿಸುವುದು ಇವನ್ನೆಲ್ಲ “ತಮಾಷೆ” ಎಂದು ದಾಟಿಸಿಬಿಡುತ್ತೇವೆ. ಮಲಯಾಳ ಅವನು ಕಲಿಯಲಿ, ಅವನಿಗೆ ಪ್ರಯೋಜನವಿದೆ. “ನೀನು ಸರಿ ಕಲಿತಿದ್ದರೆ ಅವರು ಹೀಗೆ ಮಾಡ್ತಿರ್ಲಿಲ್ಲ” ಎಂದು ಮಾತ್ರ ಯಾರೂ ಹೇಳಬಾರದು. ಭಾಷೆ ಸರಿಯಾದರೆ ಅವರು ಕಿವಿಯನ್ನೋ ಕೂದಲನ್ನೋ ಹಿಡಿಯುತ್ತಾರೆ.

ಶಾಲೆಗೆ ಹೇಳಲೇಬೇಕು. ಹೇಗೆ ಎಂಬುದರಲ್ಲಿ ಮಗನ ಮಾತು ನಡೆಯಲಿ. “ಹೇಳಬಾರದು” ಎನ್ನುವಾಗ ಅವನಿಗೆ ಹೆದರಿಕೆ ಇರುವುದು ನಿಮ್ಮ ಮೇಲಲ್ಲ. ನೀವು ತರಗತಿಯ ಬಾಗಿಲಲ್ಲಿ ನಿಂತು ಬೆರಳು ತೋರಿಸುವುದು, ಟೀಚರ್ ಎಲ್ಲರೆದುರು “ಯಾರು ಇವನಿಗೆ ಉಪದ್ರ ಕೊಡ್ತಿರುವುದು?” ಎಂದು ಕೇಳುವುದು, ಸಂಜೆಯ ಬಸ್ಸಿನಲ್ಲಿ ಅದರ ಬಡ್ಡಿ ತೀರಿಸಬೇಕಾಗುವುದು, ಅವನ ಕಣ್ಣ ಮುಂದಿರುವುದು ಇದು. ಹೀಗಾಗದಂತೆ ಕ್ಲಾಸ್ ಟೀಚರಿಗೆ ಶಾಲೆ ಬಿಟ್ಟ ಮೇಲೆ ಫೋನ್ ಮಾಡಿ, ಭೇಟಿಗೆ ಸಮಯ ಕೇಳಿ. ಹೋಗುವಾಗ ಬರೆದುಕೊಂಡು ಹೋಗಿ. ಚೀಟಿ ಹೀಗಿದ್ದರೆ ಸಾಕು:

“ನನ್ನ ಮಗನಿಗೆ ಜೂನ್ ಕೊನೆಯಿಂದ ಬಸ್ಸಿನಲ್ಲೂ ಇಂಟರ್‌ವಲ್‌ನಲ್ಲೂ ಕೆಲವು ಮಕ್ಕಳಿಂದ ಉಪದ್ರವಾಗುತ್ತಿದೆ. ನಮಗೆ ತಿಳಿದ ದಿನ, ಜಾಗ, ನಡೆದದ್ದು ಕೆಳಗೆ ಬರೆದಿದ್ದೇನೆ. ಸ್ಟಿಕ್ಕರಿನ ಸ್ಕ್ರೀನ್‌ಶಾಟ್ ಇದೆ. ತರಗತಿಯಲ್ಲಿ ಎಲ್ಲರೆದುರು ಕೇಳಬೇಡಿ, ಇಬ್ಬರನ್ನೂ ಎದುರುಬದುರು ಕೂರಿಸಬೇಡಿ. ಅವನ ಸೀಟು ಬದಲಿಸುವುದು, ಇಂಟರ್‌ವಲ್ ಹೊತ್ತಿನಲ್ಲಿ ಗಮನ ಇಡುವುದು, ಆ ಮಕ್ಕಳೊಂದಿಗೆ ಒಬ್ಬೊಬ್ಬರಾಗಿ ಮಾತಾಡುವುದು ಸಾಧ್ಯವೇ? ಮುಂದಿನ ಶುಕ್ರವಾರ ನಾನು ಪುನಃ ಫೋನ್ ಮಾಡುತ್ತೇನೆ.”

ಕನ್ನಡದಲ್ಲಿ ಬರೆಯಿರಿ, ಅದು ನಿಮ್ಮ ಹಕ್ಕು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಟೀಚರಿಗೆ ಕನ್ನಡ ಓದಲು ಬಾರದಿದ್ದರೆ ಗೊತ್ತಿರುವವರಿಂದ ಮಲಯಾಳದಲ್ಲೂ ಬರೆಸಿ ಜೊತೆಗಿಡಿ. ನಮಗೆ ಬೇಕಾದ್ದು ಅವರು ಅದೇ ದಿನ ಓದುವುದು.

ಎದುರುಬದುರು ಕೂರಿಸಿ ಕೈ ಕುಲುಕಿಸಿ “ಇನ್ನು ನೀವು ಫ್ರೆಂಡ್ಸ್” ಎಂದು ಕಳಿಸುವುದು ಅನೇಕ ಶಾಲೆಗಳಿಗೆ ಇಷ್ಟದ ಪರಿಹಾರ. ಜಗಳಕ್ಕೆ ಅದು ಸರಿ, ಇದಕ್ಕಲ್ಲ. ಬಲದ ಅಂತರ ಕೋಣೆಯೊಳಗೂ ಬರುತ್ತದೆ. ನಿಮ್ಮ ಮಗ ಅಲ್ಲಿ “ಏನೂ ಆಗ್ಲಿಲ್ಲ ಟೀಚರ್” ಎನ್ನುತ್ತಾನೆ, ಪ್ರಕರಣ ಮುಗಿಯುತ್ತದೆ.

ಸ್ಟಿಕ್ಕರಿನ ವಿಷಯ: ಸ್ಕ್ರೀನ್‌ಶಾಟ್ ತೆಗೆದಿಡಿ, ದಿನ, ಹೊತ್ತು, ಗುಂಪಿನ ಹೆಸರು ಕಾಣುವ ಹಾಗೆ. ಉತ್ತರ ಬೇಡ, ಬಂಧುಗಳ ಗುಂಪಿಗೆ “ನೋಡಿ ಹೇಗೆ ಮಾಡಿದ್ದಾರೆ” ಎಂದು ಕಳಿಸುವುದಂತೂ ಬೇಡವೇ ಬೇಡ. ಗುಂಪಿನ ಅಡ್ಮಿನ್ ಟೀಚರೇ ಆದರೆ ತೆಗೆಸುವುದು ಒಂದು ನಿಮಿಷದ ಕೆಲಸ. ಮಗನ ಕೈಯಿಂದ ಫೋನ್ ಕಸಿದುಕೊಂಡರೆ ಶಿಕ್ಷೆ ಅವನಿಗಾಗುತ್ತದೆ, ಇನ್ನೊಮ್ಮೆ ಬಂದದ್ದನ್ನು ಅವನು ತೋರಿಸುವುದಿಲ್ಲ. ಎಲ್ಲಾದರೂ ಚಿತ್ರದಲ್ಲಿ ಬೆತ್ತಲೆ ಅಥವಾ ಲೈಂಗಿಕವಾದದ್ದು ಬಂದರೆ ಮಾತೇ ಬೇರೆ. ಅದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾನೂನಿನಡಿ ಬರಬಹುದಾದದ್ದು, ತಡಮಾಡದೆ ಪೊಲೀಸರಿಗೆ ತಿಳಿಸಬೇಕಾದದ್ದು.

ಆ ಹುಡುಗರ ಮನೆಗೆ ನೇರ ಹೋಗಬೇಡಿ. ನಮ್ಮ ಊರುಗಳಲ್ಲಿ ಅವರ ಅಪ್ಪ ಸೊಸೈಟಿಯಲ್ಲಿ ಸಿಗುತ್ತಾರೆ, ಅಮ್ಮ ಮದುವೆಯಲ್ಲಿ ಸಿಗುತ್ತಾರೆ. “ನಿಮ್ಮ ಮಗ…” ಎಂದು ಶುರುವಾದ ಮಾತು ಎರಡು ಮನೆಗಳ ಮಾನದ ಪ್ರಶ್ನೆಯಾಗುವುದು ಬೇಗ. ಶಾಲೆಯ ಮೂಲಕವೇ ಹೋಗಲಿ. (ಇದನ್ನು ಓದುತ್ತಿರುವ ಯಾರಿಗಾದರೂ “ನಮ್ಮವನೇ ಆ ಐವರಲ್ಲಿ ಒಬ್ಬ” ಎಂದು ಶಾಲೆಯಿಂದ ಫೋನ್ ಬಂದರೆ, ಬೆತ್ತ ಹಿಡಿಯಬೇಡಿ, “ನಮ್ಮ ಹುಡುಗ ಹಾಗಲ್ಲ” ಎಂದೂ ಹೇಳಬೇಡಿ. ಏನು ಮಾಡಿದ್ದೀಯೆಂದು ಅವನ ಬಾಯಿಂದಲೇ ಕೇಳಿ, ಸ್ಟಿಕ್ಕರ್ ಅಳಿಸುವುದು, ಹರಿದ ಬ್ಯಾಗಿಗೆ ತನ್ನ ದುಡ್ಡಿನಿಂದ ಕೊಡುವುದು, ಇಂಥ ಕೆಲಸ ಅವನಿಂದಲೇ ಮಾಡಿಸಿ.)

ಒಂದು ವಾರದಲ್ಲಿ ಏನೂ ಆಗದಿದ್ದರೆ ಎಚ್.ಎಂ.ಗೆ ಲಿಖಿತವಾಗಿ ಕೊಟ್ಟು ನಕಲಿನ ಮೇಲೆ ಸಹಿ ಪಡೆಯಿರಿ. ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ ಅವರನ್ನೂ ಕಾಣಿ. ಎಚ್.ಎಂ. ಕೂಡ ಕೈಚೆಲ್ಲಿದರೆ ಹೈಸ್ಕೂಲಿನ ಮಟ್ಟಕ್ಕೆ ಜಿಲ್ಲಾ ಶಿಕ್ಷಣಾಧಿಕಾರಿ ಇದ್ದಾರೆ, ಅದರ ಮೇಲೆ ರಾಜ್ಯ ಬಾಲ ಹಕ್ಕುಗಳ ಆಯೋಗ ಇದೆ. ಕೇರಳದಲ್ಲಿ 1998ರ ರ‍್ಯಾಗಿಂಗ್ ನಿಷೇಧ ಕಾನೂನು ಇದೆ. ಲಿಖಿತ ದೂರು ಬಂದರೆ ಸಂಸ್ಥೆಯ ಮುಖ್ಯಸ್ಥರು ಏಳು ದಿನದೊಳಗೆ ವಿಚಾರಿಸಬೇಕೆಂದು ಅದು ಹೇಳುತ್ತದೆ. ಇದು ಕೈಯಲ್ಲಿರಲಿ, ಮೊದಲ ಭೇಟಿಯಲ್ಲೇ ಮೇಜಿನ ಮೇಲೆ ಇಡಬೇಡಿ. ಮಕ್ಕಳ ಜೊತೆ ಶಿಕ್ಷಕರೇ ಸೇರಿ ಅವನ ಉಚ್ಚಾರಕ್ಕೆ ನಗುತ್ತಿದ್ದರೆ ಮಾತ್ರ ಕಾಯುವ ಅಗತ್ಯವಿಲ್ಲ, ನೇರ ಎಚ್.ಎಂ. ಹತ್ತಿರ ಹೋಗಿ. ಮಗುವಿಗೆ ಮಾನಸಿಕ ಕಿರುಕುಳ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳುತ್ತದೆ, ಎಂಟನೆಯ ಹುಡುಗ ಅದರೊಳಗೇ ಬರುತ್ತಾನೆ.

ಯಕ್ಷಗಾನ ಬಿಟ್ಟದ್ದು ನನಗೆ ಹೊಟ್ಟೆನೋವಿಗಿಂತ ಹೆಚ್ಚು ಚಿಂತೆಯ ವಿಷಯ. ಅವರು ಅವನ ಬ್ಯಾಗ್ ಕಿತ್ತದ್ದು ಬಸ್ಸಿನಲ್ಲಿ ಮಾತ್ರ. ಇದನ್ನು ಅವನು ತಾನೇ ಬಿಟ್ಟುಕೊಟ್ಟಿದ್ದಾನೆ. ಒತ್ತಾಯ ಬೇಡ. ಭಾಗವತರಿಗೋ ಗುರುಗಳಿಗೋ ಗುಟ್ಟಾಗಿ ತಿಳಿಸಿ, “ಚೆಂಡೆಗೆ ಜನ ಕಡಿಮೆ, ಬಾ” ಎಂದು ಅವರೇ ಕರೆಯಲಿ. ವೇಷ ಕಟ್ಟಲು ಮನಸ್ಸಿಲ್ಲದವನು ಹಿಮ್ಮೇಳದಲ್ಲಿ ಕೂರಬಹುದು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಪರ್ಧೆ ಇದೆ. ಹೊಸ ಶಾಲೆಯಲ್ಲಿ ತಂಡ ಇದ್ದರೆ, ಅಥವಾ ಕಟ್ಟುವ ಉಮೇದಿನ ಶಿಕ್ಷಕರಿದ್ದರೆ, ಸ್ಟಿಕ್ಕರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ತಂಡ ಅಂದಮೇಲೆ ಏಳೆಂಟು ಮಕ್ಕಳ ಬಳಗ ತಾನಾಗಿ ಸಿಗುತ್ತದೆ. ಆಗದಿದ್ದರೆ ಶಾಲೆಯ ಸ್ಟೂಡೆಂಟ್ ಪೊಲೀಸ್ ಕೆಡೆಟ್ ದಳ, ಸ್ಕೌಟ್, ಫುಟ್‌ಬಾಲ್, ಯಾವುದಾದರೂ ಒಂದು.

ಇನ್ನೊಂದು ಪ್ರಶ್ನೆ ನೀವು ಕೇಳಲಿಲ್ಲ, ನಾನೇ ಹೇಳಬೇಕು. “ನಾನು ಇಲ್ಲದಿದ್ದರೇ ಒಳ್ಳೆಯದು” ಎಂಬಂಥ ಮಾತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಕೈಯಲ್ಲಿ ಗಾಯದ ಗೆರೆಗಳು, ಇವು ಕಂಡರೆ ಅವನನ್ನು ಒಂಟಿಯಾಗಿ ಬಿಡಬೇಡಿ. “ಸಾಯಬೇಕು ಅಂತ ಅನಿಸ್ತದಾ?” ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಲು ದಾರಿಯಾಗುತ್ತದೆ. ತೋಟದ ಮನೆಯಲ್ಲಿ ಕಳೆನಾಶಕ, ಕೀಟನಾಶಕ ಇದ್ದೇ ಇರುತ್ತದೆ, ಅದಕ್ಕೆ ಇವತ್ತೇ ಬೀಗ ಹಾಕಿ. ಅದೇ ದಿನ ಡಾಕ್ಟರನ್ನು ಕಾಣಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056, ಈ ಮೂರೂ ಫೋನಿನಲ್ಲಿರಲಿ.

ಕೊನೆಗೆ ಶಾಲೆ ಬದಲಿಸುವ ವಿಚಾರ. ಈಗಲೇ ಬೇಡ. ಲಿಖಿತವಾಗಿ ಕೊಟ್ಟ ಮೇಲೂ ಶಾಲೆ ಕಣ್ಣು ಮುಚ್ಚಿಕೊಂಡರೆ, ಮೈಗೆ ಪೆಟ್ಟಾಗುವ ಅಪಾಯವಿದ್ದರೆ, ಅಥವಾ ಮೇಲೆ ಹೇಳಿದ ಲಕ್ಷಣ ಕಂಡರೆ ಧಾರಾಳವಾಗಿ ಬದಲಿಸಿ, ಸೋತೆವೆಂದು ಅಂದುಕೊಳ್ಳಬೇಕಾಗಿಲ್ಲ. ಕನ್ನಡ ಮಾಧ್ಯಮಕ್ಕೇ ವಾಪಸ್ ಹೋಗುತ್ತೇನೆ ಎಂದು ಅವನು ಓದಿನ ಕಾರಣಕ್ಕೆ ಹೇಳಿದರೆ ಅದನ್ನೂ ಪ್ರತ್ಯೇಕವಾಗಿ ಕೂತು ಯೋಚಿಸಿ. ಟಿ.ಸಿ. ಕೇಳುವ ಮೊದಲು ಒಂದು ನೋಡಿಕೊಳ್ಳಿ: ಹೊಸ ಶಾಲೆಗೆ ಹೋಗುವುದು ಯಾವ ಬಸ್ಸಿನಲ್ಲಿ? ಅದೇ ಎಂಟೂ ಕಾಲರ ಬಸ್ಸಾದರೆ ಆ ಐವರೂ ಅದರಲ್ಲೇ ಇರುತ್ತಾರೆ.